ಪರ್ಣಕಾಮಾಲಾ ನಿದಾನ: ಕುಂಡವಾಸಿ ಕರಿಬೇವಿನ ಹಳದಿಯನ್ನು ಕುರಿತು ಒಂದು ಶಾಸ್ತ್ರೀಯ ವಿಚಾರಣೆ

ಪರ್ಣಕಾಮಾಲೆಯೆಂದರೆ ಹಸಿರಾಗಿರಬೇಕಾದ ಎಲೆ ಹಳದಿಯಾಗಿರುವ ಸ್ಥಿತಿ. ಈ ಲಕ್ಷಣವಾಕ್ಯದ ‘ಹಸಿರಾಗಿರಬೇಕಾದ’ ಎಂಬ ವಿಶೇಷಣವನ್ನು ಅವಸರದ ಓದುಗರು ಅನಾವಶ್ಯಕವೆಂದು ಭಾವಿಸಬಹುದಾದರೂ, ಅದನ್ನು ಕಿತ್ತುಹಾಕಿದರೆ ಬೇಲಿಯ ಕ್ರೋಟನ್ನುಗಳೆಲ್ಲ ಹುಟ್ಟು ರೋಗಿಗಳೆಂದು ಒಪ್ಪಬೇಕಾಗಿ ಬಂದು, ಅತಿವ್ಯಾಪ್ತಿ, ಎಂದರೆ ಲಕ್ಷಣವು ತನಗೆ ಸೇರದ ವಸ್ತುವಿನ ಮೇಲೂ ಹೋಗಿ ಕೂರುವ ದೋಷ, ತಗುಲುತ್ತದೆ. ವ್ಯಾಧಿಯು ಯಾವ ಗಿಡಕ್ಕಾದರೂ ಬರಬಹುದು. ಆದರೂ ಪ್ರಸ್ತುತ ವಿಚಾರಣೆಯನ್ನು ಬೆಂಗಳೂರಿನ ತಾರಸಿಗಳ ಮೇಲೆ ಬಣ್ಣದ ಖಾಲಿ ಬಕೆಟ್ಟುಗಳಲ್ಲಿ ವಾಸಿಸುವ ಕರಿಬೇವಿಗೆ ಸೀಮಿತಗೊಳಿಸಲಾಗಿದೆ, ಏಕೆಂದರೆ ದಿನಕ್ಕೆರಡು ಹೊತ್ತು, ಒಲೆಯ ಮೇಲೆ ಸಾಸಿವೆ ಸಿಡಿಯುತ್ತಿರುವಾಗಲೇ ಓಡಿಬಂದು ನೋಡಬೇಕಾದ ರೋಗಿ ಅದೊಂದೇ.

ರೋಗಿಯ ಕುಲವನ್ನು ಮೊದಲು ತಿಳಿಯಬೇಕು. ಕರಿಬೇವು ಹೆಸರಿನಲ್ಲಿ ಬೇವಾದರೂ ಬೇವಿನ ಬಳಗಕ್ಕೆ ಸೇರಿದ್ದಲ್ಲ; ನಿಂಬೆ, ಕಿತ್ತಳೆ, ಬಿಲ್ವಗಳಿರುವ ರೂಟೇಸಿ ಕುಟುಂಬದ್ದು. ಸಸ್ಯಶಾಸ್ತ್ರದಲ್ಲಿ ಬಹುಕಾಲ ನಡೆದುಬಂದ ‘ಮುರ‍್ರಾಯ ಕೊನಿಗಿ’ ಎಂಬ ಹೆಸರಿನ ಪೂರ್ವಾರ್ಧ ಲಿನೇಯಸ್ಸನ ಶಿಷ್ಯ ಮುರ‍್ರೆಯದು, ಉತ್ತರಾರ್ಧ ಅದೇ ಗುರುವಿನ ಇನ್ನೊಬ್ಬ ಶಿಷ್ಯನಾಗಿ 1768ರಲ್ಲಿ ತರಂಗಂಬಾಡಿಗೆ ಬಂದಿಳಿದ ಕೋನಿಗನದು. ಶತಮಾನಗಳ ಕಾಲ ಒಗ್ಗರಣೆ ಹಾಕುತ್ತ ಬಂದವರಲ್ಲಿ ಒಬ್ಬರ ಹೆಸರೂ ಅಲ್ಲಿ ಸೇರಿಲ್ಲ.

ಗಿಡಕ್ಕೂ ರೋಗವುಂಟು, ಮದ್ದುಂಟು ಎಂಬುದು ಹೊಸ ಮಾತಲ್ಲ. ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ವು ಸಸ್ಯಗಳ ವ್ಯಾಧಿಯನ್ನೂ ವಾತ, ಪಿತ್ತ, ಕಫಗಳಾಗಿ ವಿಂಗಡಿಸಿ, ಎಲೆ ಹಳದಿಯಾಗುವುದನ್ನು ಪಿತ್ತದ ಖಾತೆಗೆ ಬರೆಯುತ್ತದೆ. ಕನ್ನಡದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಪಾಕಶಾಸ್ತ್ರವೂ ಒಂದೇ ಗ್ರಂಥದೊಳಗೆ ನೆರೆಹೊರೆಯಾಗಿವೆ. ಗಿಡದ ವೈದ್ಯವೂ ಅಡುಗೆಯೂ ಹೀಗೆ ಒಂದೇ ಸೂರಿನಡಿ ಬಾಳಿದುದರ ಪರಿಣಾಮವನ್ನು ಕರಿಬೇವು ಇಂದಿಗೂ ಅನುಭವಿಸುತ್ತಿದೆ.

ಆ ಪರಿಣಾಮಕ್ಕೆ ಶೇಷವಾದವೆಂದು ಹೆಸರಿಡಬಹುದು. ಶೇಷವೆಂದರೆ ಅಡುಗೆಮನೆಯಲ್ಲಿ ಉಳಿದದ್ದು. ರೋಗಕ್ಕೆ ತಕ್ಕ ಮದ್ದು ಎಂಬ ಕ್ರಮವನ್ನು ತಲೆಕೆಳಗು ಮಾಡಿ, ಕೈಯಲ್ಲಿರುವ ಪಾತ್ರೆಗೆ ತಕ್ಕ ರೋಗವನ್ನು ಗಿಡದಲ್ಲಿ ಕಾಣುವುದೇ ಶೇಷವಾದ. ಇದರಲ್ಲಿ ಹಲವು ಶಾಖೆಗಳಿವೆ. ಮನೆಯ ಹಿರಿಯರು ಸಾಮಾನ್ಯವಾಗಿ ತಕ್ರವಾದಿಗಳು, ಎಂದರೆ ಹುಳಿ ಮಜ್ಜಿಗೆಯೇ ಪರಮೌಷಧವೆಂಬವರು. ಬೆಳಿಗ್ಗೆ ಫಿಲ್ಟರ್ ತೊಳೆಯುವವರು ಕಾಫಿ ಚರಟದ ಪಕ್ಷದವರು. ಅಕ್ಕಿ ತೊಳೆದ ನೀರಿನವರದು ಮಧ್ಯಮ ಮಾರ್ಗ. ಮೊಟ್ಟೆಯ ಚಿಪ್ಪಿನವರು ಕೆಲವು ಮನೆಗಳಲ್ಲಿ ಮಾತ್ರ, ಅದೂ ಹಿರಿಯರು ಊರಿಗೆ ಹೋದಾಗ, ಪ್ರಕಟವಾಗುವ ಗುಪ್ತಸಂಪ್ರದಾಯದವರು. ದೃಷ್ಟಿ ತಾಕಿದೆಯೆಂದು ಬಕೆಟ್ಟಿಗೆ ಹಳೆಯ ಚಪ್ಪಲಿ ಕಟ್ಟುವ ಪಂಥವೂ ಒಂದಿದ್ದು, ಚಪ್ಪಲಿಯೂ ಶೇಷವೇ ಆದ್ದರಿಂದ ಅದನ್ನು ಬೇರೆ ಎಣಿಸಬೇಕಾಗಿಲ್ಲ. ವಾದದ ಸತ್ಯತೆಗೆ ಪ್ರಮಾಣವೂ ಇದೆ: ಮಜ್ಜಿಗೆಹುಳಿ ಮಾಡಿ ಪಾತ್ರೆ ಬರಿದಾದ ದಿನ ಗಿಡಕ್ಕೆ ಹುಳಿಯ ಕೊರತೆಯಿದೆಯೆಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಪೂರ್ವಪಕ್ಷಗಳ ಖಂಡನೆ ಕಷ್ಟದ್ದಲ್ಲ, ಆದರೆ ನ್ಯಾಯವಾಗಿ ನಡೆಯಬೇಕು. ಮಜ್ಜಿಗೆಯಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬೇಗನೆ ತಿಂದು ಮುಗಿಸುತ್ತವೆ, ಮರುದಿನ ಬೋರ್‌ವೆಲ್ಲಿನ ಗಡಸು ನೀರು ಬಿದ್ದು ಮಣ್ಣು ಮತ್ತೆ ಕ್ಷಾರದ ಕಡೆಗೆ ವಾಲುತ್ತದೆ; ಗಿಡ ಚೇತರಿಸಿಕೊಂಡರೆ ಅದು ಬಹುಮಟ್ಟಿಗೆ ಹಾಲಿನ ಪ್ರೋಟೀನು ಕೊಳೆತು ಸಿಕ್ಕ ಅಷ್ಟಿಷ್ಟು ಸಾರಜನಕದ ಕೆಲಸ, ಕೀರ್ತಿ ಮಾತ್ರ ಹುಳಿಗೆ. ಉಪ್ಪು ಹಾಕಿದ ಮಜ್ಜಿಗೆಯಾದರೆ ಕೀರ್ತಿಯೂ ಇಲ್ಲ, ಬೇರೂ ಇಲ್ಲ. ಮೊಟ್ಟೆಯ ಚಿಪ್ಪು ಸುಣ್ಣದ ವಸ್ತು. ಗಡಸು ನೀರಿನ ಊರಿನಲ್ಲಿ ಅದು ವ್ಯಾಧಿಯ ಪಕ್ಷವನ್ನೇ ವಹಿಸುತ್ತದೆಯಾದರೂ, ಕರಗಲು ಬಹಳ ಸಮಯ ತೆಗೆದುಕೊಳ್ಳುವ ಅದರ ಸೋಮಾರಿತನ ಗಿಡವನ್ನು ಕಾಪಾಡುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಹೂಳುವವರಿಗೆ ಹೇಳಬೇಕಾದದ್ದು ಇಷ್ಟೆ: ಈ ನಾಡಿನ ಕೆಮ್ಮಣ್ಣು ಕೆಂಪಾಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಕಬ್ಬಿಣ ಅಲ್ಲಿ ಬೇಕಾದಷ್ಟಿದೆ. ಮಣ್ಣು ಕ್ಷಾರವಾದಾಗ ಅದು ಕರಗದೆ ಉಳಿದು, ತುಂಬಿದ ಕಣಜದ ಬಾಗಿಲಲ್ಲೇ ಗಿಡ ಹಸಿದು ನಿಲ್ಲುತ್ತದೆ. ಇನ್ನೊಂದು ಮೊಳೆ ಹೂಳುವುದೆಂದರೆ ಬೀಗ ಹಾಕಿದ ಕಣಜಕ್ಕೆ ಇನ್ನೊಂದು ಚೀಲ ಸುರಿಯುವುದು.

ಹಾಗಾದರೆ ನಿದಾನ ಹೇಗೆ? ಆಧಾರಗ್ರಂಥ ದೂರದಲ್ಲಿಲ್ಲ, ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು ಎಂಬ ಗಾದೆಯನ್ನು ಲೋಕವು ಇಷ್ಟುಕಾಲ ವಯಸ್ಸಾದವರ ಮೇಲಿನ ಮರುಕಕ್ಕಾಗಿ ದುಂದುಮಾಡಿದೆ, ವಾಸ್ತವವಾಗಿ ಅದು ಸಸ್ಯಪೋಷಣೆಯ ಸೂತ್ರ. ಸಾರಜನಕವು ಗಿಡದೊಳಗೆ ಓಡಾಡಬಲ್ಲ ಧಾತು. ಕೊರತೆಯಾದಾಗ ಗಿಡವು ಅದನ್ನು ಕೆಳಗಿನ ಹಳೆಯ ಎಲೆಗಳಿಂದ ಹಿಂತೆಗೆದು ತುದಿಯ ಚಿಗುರಿಗೆ ಕಳಿಸುವುದರಿಂದ ಹಣ್ಣೆಲೆ ಉದುರುತ್ತದೆ, ಚಿಗುರು ನಗುತ್ತದೆ. ಕಬ್ಬಿಣ ಹಾಗಲ್ಲ, ಒಮ್ಮೆ ಒಂದು ಎಲೆಯಲ್ಲಿ ನೆಲೆಸಿದರೆ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಬ್ಬಿಣದ ಕೊರತೆಯಲ್ಲಿ ಗಾದೆ ತಿರುವುಮುರುವಾಗಿ, ಚಿಗುರೆಲೆ ನರಗಳಷ್ಟೇ ಹಸಿರಾಗಿದ್ದು, ಉಳಿದಂತೆ ಹಳದಿಗಟ್ಟುತ್ತದೆ, ಹಣ್ಣೆಲೆ ಕೆಳಗೆ ಕೂತು ನಗುತ್ತದೆ. ಪತ್ರಹರಿತ್ತು, ಎಂದರೆ ಎಲೆಗೆ ಹಸಿರು ಕೊಡುವ ವಸ್ತು, ತನ್ನ ಅಣುವಿನ ನಡುವೆ ಇಟ್ಟುಕೊಂಡಿರುವುದು ಮೆಗ್ನೀಸಿಯಮ್ಮನ್ನು, ಕಬ್ಬಿಣವನ್ನಲ್ಲ. ಆದರೆ ಸೌಟು ಸಾರಿನ ಅಂಶವಲ್ಲದಿದ್ದರೂ ಸೌಟಿಲ್ಲದೆ ಸಾರು ಆಗದ ಹಾಗೆ, ಕಬ್ಬಿಣವಿಲ್ಲದೆ ಪತ್ರಹರಿತ್ತು ತಯಾರಾಗದು.

ಹಣ್ಣೆಲೆ, ಚಿಗುರೆಲೆ ಎರಡೂ ನಗದೆ ಜೋತುಬಿದ್ದಿದ್ದರೆ ಸ್ಪರ್ಶಪರೀಕ್ಷೆ ಮಾಡಬೇಕು, ಎಂದರೆ ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಬೇಕು. ಮಣ್ಣು ತೊಯ್ದು ಅಂಟಿದರೆ ವ್ಯಾಧಿ ಜಲಜನ್ಯ: ಬೇರಿಗೂ ಉಸಿರಾಡಲು ಗಾಳಿ ಬೇಕು, ಅದು ಇರಬೇಕಾದ ಜಾಗವನ್ನೆಲ್ಲ ನೀರು ಹಿಡಿದಿದೆ. ನಾಲ್ವರಿರುವ ಮನೆಯಲ್ಲಿ ಇನ್ನೊಬ್ಬರು ನೀರು ಹಾಕಿದ್ದಾರೆಂದು ಯಾರೂ ನಂಬದಿರುವುದರಿಂದ ಈ ಪ್ರಭೇದವೇ ಅತ್ಯಂತ ಪ್ರಚುರವಾಗಿದ್ದು, ಬಕೆಟ್ಟಿನ ತಳಕ್ಕೆ ಕೊರೆದ ತೂತು ಮುಚ್ಚಿಹೋಗಿದೆಯೇ ಎಂದು ಬಗ್ಗಿ ನೋಡುವುದು ಬಹುತೇಕ ಮನೆಗಳಲ್ಲಿ ಕೊನೆಯ ಪರೀಕ್ಷೆಯಾಗಿರುತ್ತದೆ.

ಚಿಕಿತ್ಸೆ ನಿದಾನಕ್ಕಿಂತ ಸರಳ. ಜಲಜನ್ಯಕ್ಕೆ ತೂತು ಬಿಡಿಸಿ ನೀರು ನಿಲ್ಲಿಸಬೇಕು. ಸಾರಜನಕದ ಹಸಿವಿಗೆ ಹಳೆಯ ತಿಪ್ಪೆಗೊಬ್ಬರ ಅಥವಾ ನೆನೆಸಿ ತಿಳಿಮಾಡಿದ ಕಡಲೆಕಾಯಿ ಹಿಂಡಿ ಸಾಕು. ಕಬ್ಬಿಣಕ್ಕೆ ಅನ್ನಭೇದಿ, ಎಂದರೆ ಫೆರಸ್ ಸಲ್ಫೇಟನ್ನು, ಲೀಟರಿಗೆ 5 ಗ್ರಾಮಿನಷ್ಟು ಕರಗಿಸಿ, ನಾಲ್ಕು ಹನಿ ನಿಂಬೆರಸ ಸೇರಿಸಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬಹುದು. ಕ್ಷಾರದ ಮಣ್ಣಿಗೆ ಸುರಿದರೆ ಅದೂ ಬೇಗ ತುಕ್ಕಾಗಿ ಮೊಳೆಯ ಗತಿಯನ್ನೇ ಸೇರುತ್ತದೆ. ಮಣ್ಣಿಗೇ ಹಾಕುವುದಾದರೆ ಕೀಲೇಟ್ ರೂಪದ ಕಬ್ಬಿಣ ಬೇಕು. ಕೀಲೇಟ್ ಎಂಬ ಶಬ್ದದ ಮೂಲ ಏಡಿಯ ಕೊಂಡಿಗೆ ಗ್ರೀಕರು ಹೇಳುತ್ತಿದ್ದ ಮಾತು, ಆ ಅಣು ಕಬ್ಬಿಣವನ್ನು ಏಡಿಯಂತೆ ಕಚ್ಚಿ ಹಿಡಿದು ಬೇರಿನವರೆಗೆ ತಲುಪಿಸುತ್ತದೆ. ಸಿಂಪಡಿಸಿದ ಎಲೆಯನ್ನು ತೊಳೆಯದೆ ಸಾರಿಗೆ ಹಾಕಬಾರದು.

ಸಾಧ್ಯಾಸಾಧ್ಯ ವಿಚಾರದಲ್ಲಿ ಒಂದು ಮಾತು. ಉದುರಲು ಸಿದ್ಧವಾದ ಹಳದಿ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡುತ್ತ ಕೂರುವುದು ವ್ಯರ್ಥ. ಗುಣವಾಯಿತೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ಮುಂದೆ ಬರುವ ಚಿಗುರು. ಆದ್ದರಿಂದ ಒಂದು ಮದ್ದು ಕೊಟ್ಟ ಮೇಲೆ ಮೂರು ನಾಲ್ಕು ವಾರ ಇನ್ನಾವುದನ್ನೂ ಕೊಡದೆ ಕಾಯಬೇಕೆಂದು ವಿಧಿಸಲಾಗಿದೆ, ಮತ್ತು ಶಾಸ್ತ್ರವು ಸೋಲುವುದು ಇಲ್ಲೇ, ಏಕೆಂದರೆ ಆ ವಾರಗಳಲ್ಲೂ ಮಜ್ಜಿಗೆ ಹುಳಿಯಾಗುವುದನ್ನು ಬಿಡುವುದಿಲ್ಲ. ವಿಧಿಗೆ ಕಟ್ಟುಬಿದ್ದ ಮನೆಗಳಲ್ಲಿ ಪಾತ್ರೆ ಕರಿಬೇವನ್ನು ದಾಟಿ ಪಕ್ಕದ ದಾಸವಾಳದ ಬಕೆಟ್ಟಿನತ್ತ ಹೋಗುತ್ತದೆ. ಅಲ್ಲಿಯವರೆಗೆ ಆರೋಗ್ಯವಾಗಿದ್ದ ದಾಸವಾಳದ ಎಲೆಯೊಂದು ಸ್ವಲ್ಪ ಬಣ್ಣಗೆಟ್ಟಂತೆ ಆಗ ಎಲ್ಲರಿಗೂ ಕಾಣತೊಡಗುತ್ತದೆ.