ಬಲಗಡೆಯವರು ಮೊದಲು

ನಮ್ಮ ದೇಶದ ರಸ್ತೆ ನಿಯಮಗಳನ್ನು ಬರೆದವರು ಮಹಾ ಆಶಾವಾದಿಗಳಿರಬೇಕು. ಪೊಲೀಸೂ ಇಲ್ಲದ, ಸಿಗ್ನಲ್ಲೂ ಇಲ್ಲದ ಕ್ರಾಸಿಗೆ ಬಂದಾಗ, ಎದುರಿಗಿರುವುದು ಮುಖ್ಯರಸ್ತೆ ಎಂಬ ಬೋರ್ಡು ಇಲ್ಲದಿದ್ದರೆ, ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು ಆಮೇಲೆ ಮುಂದುವರಿಯಬೇಕು ಎಂದು ಅದರಲ್ಲಿದೆ. ಗಾಂಧಿಬಜಾರಿನ ಸುತ್ತಮುತ್ತ ಜೀವಮಾನವಿಡೀ ಸ್ಕೂಟರ್ ಓಡಿಸಿದ ಗೆಳೆಯರ ಮುಂದೆ ಈ ವಿಷಯ ತೆಗೆದೆ. ಒಬ್ಬರು ನಕ್ಕು ಸುಮ್ಮನಾದರು. ಇನ್ನೊಬ್ಬರು ಗಂಭೀರವಾಗಿಯೇ, "ಬಲಗಡೆಯಿಂದ ಬರೋರು ಅಂದ್ರೆ, ರಾಂಗ್ ಸೈಡಲ್ಲಿ ಬರೋರಾ?" ಎಂದು ಕೇಳಿದರು.

ಇದೇ ನಿಯಮ ಜರ್ಮನಿಯಲ್ಲೂ ಇದೆ. ಅಲ್ಲಿನ ವಿಶೇಷವೆಂದರೆ ಜನ ಅದನ್ನು ಪಾಲಿಸುತ್ತಾರೆ.

ನಮ್ಮಲ್ಲಿ ಕ್ರಾಸಿನ ಕಾನೂನು ಬೇರೆಯೇ. ಯಾರು ಮೊದಲು ಮೂತಿ ತೂರಿಸಿದರೋ ರಸ್ತೆ ಅವರದು. ಈ ವಿದ್ಯೆಗೆ ಆಟೋರಿಕ್ಷಾದಷ್ಟು ಅನುಕೂಲವಾದ ಗಾಡಿ ಇನ್ನೊಂದಿಲ್ಲ. ಮುಂದೆ ಒಂದೇ ಚಕ್ರ. ಆ ಒಂದು ಚಕ್ರ ನಿಮ್ಮ ಬಂಪರಿಗೂ ಮುಂದಿನ ಬಸ್ಸಿಗೂ ನಡುವೆ ಗೇಣು ಜಾಗ ಕಂಡುಕೊಂಡಿತೆಂದರೆ ಮಾತುಕತೆ ಮುಗಿದಂತೆ. ಹಿಂದಿನ ಎರಡು ಚಕ್ರ, ಸವಾರಿ, ಸವಾರಿಯ ಸೂಟ್‌ಕೇಸು ಎಲ್ಲ ತಾವಾಗಿಯೇ ಬರುತ್ತವೆ. ಎಡಕ್ಕೆ ತಿರುಗುವಾಗ ಚಾಲಕ ಇಂಡಿಕೇಟರ್ ಹಾಕುವುದಿಲ್ಲ, ಎಡಗಾಲನ್ನು ಆಚೆ ಚಾಚುತ್ತಾನೆ. ಹವಾಯಿ ಚಪ್ಪಲಿ ತೊಟ್ಟ ಆ ಪಾದದಷ್ಟು ಸ್ಪಷ್ಟವಾದ ಸೂಚನೆ ಯಾವ ದುಬಾರಿ ಕಾರಿನ ಹಳದಿ ದೀಪದಿಂದಲೂ ನನಗೆ ಸಿಕ್ಕಿಲ್ಲ.

ಇಂಡಿಕೇಟರಿನ ವಿಷಯದಲ್ಲಂತೂ ನಾವು ಕಾನೂನಿಗಿಂತ ಬಹಳ ಮುಂದೆ ಹೋಗಿದ್ದೇವೆ. ಹೈವೇಯಲ್ಲಿ ಮುಂದಿನ ಲಾರಿ ಬಲಗಡೆಯ ದೀಪ ಮಿಣುಕಿಸಿದರೆ "ನಾನು ಬಲಕ್ಕೆ ತಿರುಗುತ್ತೇನೆ" ಎಂದಿರಬಹುದು, "ಮುಂದೆ ಖಾಲಿ ಇದೆ, ನೀನು ಹೋಗಪ್ಪ" ಎಂದೂ ಇರಬಹುದು. ಯಾವುದೆಂದು ತಿಳಿಯಲು ಕ್ಲೀನರನ ಕೈ ನೋಡಬೇಕು. ನಾಲ್ಕೂ ದೀಪ ಒಟ್ಟಿಗೆ ಮಿಣುಕಿದರೆ ಸರ್ಕಲ್ಲಿನಲ್ಲಿ ನೇರ ಹೋಗುತ್ತೇನೆ ಎಂದರ್ಥ. ಅದೇ ನಾಲ್ಕು ದೀಪವನ್ನು ಜರ್ಮನಿಯ ಹೆದ್ದಾರಿಯಲ್ಲಿ ಹಾಕಿದರೆ, ಮುಂದೆ ಗಾಡಿಗಳು ನಿಂತುಬಿಟ್ಟಿವೆ, ಜೋಪಾನ ಎಂದು ಹಿಂದಿನವರಿಗೆ ಹೇಳಿದಂತೆ. ಹೆಡ್‌ಲೈಟ್ ಮಿಂಚಿಸುವುದೂ ಹಾಗೆಯೇ. ಅಲ್ಲಿನ ಊರೊಳಗೆ ಎದುರಿನವನು ಮಿಂಚಿಸಿದರೆ ಸಾಮಾನ್ಯವಾಗಿ "ಮೊದಲು ನೀವು" ಎಂಬ ಉಪಚಾರ. ನಮ್ಮಲ್ಲಿ ಅದು "ನಾನು ಬರ್ತಾ ಇದೀನಿ, ನಿನ್ನಿಷ್ಟ".

ಮಗಳು, ಅಳಿಯ ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರಿನಲ್ಲಿದ್ದಾರೆ. ಅವರ ಬಡಾವಣೆಯ ಬೀದಿಗಳಲ್ಲಿ ವೇಗ ಮೂವತ್ತು ದಾಟುವಂತಿಲ್ಲ, ಕ್ರಾಸುಗಳಿಗೆ ಬೋರ್ಡೂ ಇಲ್ಲ. ಒಂದು ಬೆಳಗ್ಗೆ ನಾವು ಹೋಗುತ್ತಿದ್ದುದು ಅಗಲದ ಬೀದಿ. ಅಳಿಯ ಇದ್ದಕ್ಕಿದ್ದಂತೆ ನಿಲ್ಲಿಸಿದ. ಬಲಗಡೆಯ ಗಲ್ಲಿಯಂಥ ದಾರಿಯಿಂದ ಪುಟ್ಟ ಕಾರಿನಲ್ಲಿ ಒಬ್ಬ ಅಜ್ಜಿ ಬಂದರು. ಸ್ಟೀರಿಂಗ್ ಮೇಲೆ ಎರಡೂ ಕೈ, ದೃಷ್ಟಿ ಅವರ ಬಲಗಡೆಗೆ. ನಮ್ಮತ್ತ ಒಂದು ನೋಟವೂ ಇಲ್ಲ. ನಮ್ಮ ಮೂಗಿನ ಮುಂದೆಯೇ ಸಾಗಿಹೋದರು.

"ಆಕೆ ತಿರುಗಿ ಕೂಡ ನೋಡ್ಲಿಲ್ಲವಲ್ಲಪ್ಪ!" ಎಂದೆ.

"ಯಾಕೆ ನೋಡ್ಬೇಕು ಮಾವ? ನಾನು ನಿಲ್ಲಿಸ್ತೀನಿ ಅಂತ ಅವರಿಗೆ ಗೊತ್ತು" ಎಂದ ಅಳಿಯ.

ಅಜ್ಜಿಗೆ ನನ್ನ ಅಳಿಯನ ಪರಿಚಯವೇ ಇಲ್ಲ. ಆಕೆ ನಂಬಿದ್ದು ನಿಯಮವನ್ನು. ನಾವು ನಂಬುವುದು ಎದುರಿನವನ ಮುಖವನ್ನು. ಅವನ ಕಣ್ಣು, ಹುಬ್ಬು, ಬ್ರೇಕಿನ ಮೇಲೆ ಅವನ ಕಾಲು ಇದ್ದೀತೋ ಇಲ್ಲವೋ ಎಂಬ ಅಂದಾಜು, ಇಷ್ಟರ ಮೇಲೆ ನಮ್ಮ ಇಡೀ ಸಂಚಾರ ನಡೆಯುತ್ತದೆ. ಇದರಲ್ಲೊಂದು ಮನುಷ್ಯಸಂಬಂಧವಿದೆ ಎಂದು ವಾದಿಸುವವರಿದ್ದಾರೆ, ನಾನೂ ಒಮ್ಮೊಮ್ಮೆ ಅದೇ ಗುಂಪು. ಆದರೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,000ಕ್ಕೂ ಹೆಚ್ಚು, ಜರ್ಮನಿಯಲ್ಲಿ 3,000ಕ್ಕೂ ಕಡಿಮೆ. ನಮ್ಮ ಜನಸಂಖ್ಯೆ ಅವರ ಹದಿನೇಳು ಪಟ್ಟು ಎಂದು ಸಮಾಧಾನ ಮಾಡಿಕೊಂಡರೂ ಲೆಕ್ಕ ಹೊಂದುವುದಿಲ್ಲ.

ಹಾರ್ನಿನ ಬಗ್ಗೆ ಮಾತ್ರ ನಾನು ನಮ್ಮವರ ಪರ. ಪೂರ್ತಿ ಅಲ್ಲ, ಸಿಗ್ನಲ್ಲಿನ ಕೆಂಪು ದೀಪಕ್ಕೆ ಹಾರ್ನ್ ಹೊಡೆಯುವವರ ಪರ ವಾದಿಸಲು ಯಾವ ವಕೀಲನಿಗೂ ಆಗದು. ಆದರೆ ಆಗುಂಬೆಯ ತಿರುವುಗಳಲ್ಲಿ ಹಾರ್ನ್ ಎಂದರೆ ಕಣ್ಣು. ಮಂಜು ಕವಿದಾಗ ಮೇಲಿನಿಂದ ಒಂದು ಬಸ್ಸು, ಕೆಳಗಿನಿಂದ ಒಂದು ಬಸ್ಸು ಒಬ್ಬರಿಗೊಬ್ಬರು ಕೂಗಿಕೊಂಡೇ ದಾಟಬೇಕು. ಜರ್ಮನಿಯ ಕಾನೂನಿನಲ್ಲೂ ಊರ ಹೊರಗೆ ಓವರ್‌ಟೇಕ್ ಮಾಡುವಾಗ ಹಾರ್ನ್ ಹೊಡೆಯಲು ಅನುಮತಿಯಿದೆ, ಹೊಡೆದವರನ್ನು ನಾನು ಕಾಣೆ. ಅಲ್ಲಿ ಮನಸಾರೆ ಹಾರ್ನ್ ಕೇಳಬೇಕೆಂದರೆ ಮದುವೆ ದಿಬ್ಬಣ ಬರಬೇಕು. ಮದುಮಕ್ಕಳ ಕಾರಿನ ಹಿಂದೆ ನೆಂಟರ ಕಾರುಗಳು ಸಾಲಾಗಿ ಹಾರ್ನ್ ಬಾರಿಸುತ್ತ ಹೋಗುತ್ತವೆ. ಕಾನೂನಿನ ಪ್ರಕಾರ ಅದೂ ತಪ್ಪೇ, ಆದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಆ ಸದ್ದು ಕೇಳಿದ ದಿನ ನನಗೆ ಬನಶಂಕರಿಯಲ್ಲಿದ್ದಷ್ಟು ಹಿತವಾಯಿತು.

ವೇಗಮಿತಿಯಿಲ್ಲದ ಅವರ ಆಟೋಬಾನ್ ಹೆದ್ದಾರಿ ಜಗತ್ಪ್ರಸಿದ್ಧ. ಮಿತಿಯಿಲ್ಲದಿರುವುದು ಕೆಲವು ಭಾಗಗಳಲ್ಲಿ ಮಾತ್ರ, ಅಲ್ಲೂ 130 ಸಾಕು ಎಂಬ ಸಲಹೆಯಿದೆ. ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ. ಪೆಟ್ರೋಲ್ ಮುಗಿದು ನಿಂತರೆ ದಂಡ, ನೋಡಿಕೊಂಡು ಹೊರಡಬೇಕಾಗಿದ್ದುದು ನಿಮ್ಮ ಕೆಲಸವಂತೆ. ಇದನ್ನು ಕೇಳಿ ನನಗೆ ಬೆರ್ತಾ ಬೆಂಜ್ ನೆನಪಾದಳು. 1888ರಲ್ಲಿ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ ಕಾರನ್ನು ಮಾನ್‌ಹೈಮ್‌ನಿಂದ ತವರೂರು ಫೋರ್ಜ್‌ಹೈಮ್‌ಗೆ ಓಡಿಸಿಕೊಂಡು ಹೋದ ಧೀರೆ. ದಾರಿಯಲ್ಲಿ ಇಂಧನ ಸಾಲದೆ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಈಗಿನ ಹೆದ್ದಾರಿಯಲ್ಲಾಗಿದ್ದರೆ ರಸೀದಿ ಹರಿದು ಕೈಗೆ ಕೊಡುತ್ತಿದ್ದರು.

ಅಲ್ಲಿ ನಾನು ನಿಜವಾಗಿ ಬೆರಗಾದದ್ದು ವೇಗಕ್ಕಲ್ಲ, ಟ್ರಾಫಿಕ್ ಜಾಮಿಗೆ. ಗಾಡಿಗಳು ತೆವಳಲು ಶುರುವಾದವು. ಎಲ್ಲೂ ಸೈರನ್ ಇಲ್ಲ, ಆಂಬುಲೆನ್ಸ್ ಸುಳಿವೇ ಇಲ್ಲ. ಆದರೂ ಎಡಸಾಲಿನವರೆಲ್ಲ ಎಡಕ್ಕೆ ಸರಿದರು, ಉಳಿದವರೆಲ್ಲ ಬಲಕ್ಕೆ. ನಡುವೆ ಅಂಗಿಯ ಜಿಪ್ಪು ಬಿಚ್ಚಿದ ಹಾಗೆ ಉದ್ದಕ್ಕೂ ದಾರಿ ತೆರೆಯಿತು. ಮುಂದೆ ಯಾರಿಗಾದರೂ ಪೆಟ್ಟಾಗಿದ್ದರೆ ಇರಲಿ ಎಂದು. ಆ ಖಾಲಿ ದಾರಿಯಲ್ಲಿ ಒಬ್ಬನೂ ನುಗ್ಗಲಿಲ್ಲ. ನಾವೂ ಆಂಬುಲೆನ್ಸಿಗೆ ಜಾಗ ಬಿಡುತ್ತೇವೆ, ಕಷ್ಟಪಟ್ಟು ಬಿಡುತ್ತೇವೆ. ಅದು ದಾಟಿದ ಮರುಕ್ಷಣ ಅದರ ಬೆನ್ನಿಗಂಟಿ ಐದಾರು ಬೈಕು, ಒಂದು ಆಟೋ, ಒಂದು ತರಕಾರಿ ಟೆಂಪೋ ರೋಗಿಯ ಹತ್ತಿರದ ಬಂಧುಗಳಂತೆ ಹೊರಡುತ್ತವೆ. ದಂಡದಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ದಾರಿ ಬಿಡದವರಿಗೆ ಅಲ್ಲಿ 200 ಯೂರೋದಿಂದ ಶುರು. ನಮ್ಮ 2019ರ ತಿದ್ದುಪಡಿಯಲ್ಲಿ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಬೈಗುಳಕ್ಕೂ ಅಲ್ಲಿ ಬೆಲೆಯಿದೆ. "ತಲೆ ಕೆಟ್ಟಿದೆಯಾ" ಎಂಬಂತೆ ಹಣೆ ತಟ್ಟಿ ತೋರಿಸಿದರೂ ಅವಮಾನದ ಕೇಸು ಬೀಳಬಹುದು, ದಂಡವನ್ನು ಬೈದವನ ದಿನದ ಆದಾಯ ನೋಡಿ ನಿಗದಿ ಮಾಡುತ್ತಾರೆ. ನಮ್ಮಲ್ಲಿ "ಮನೇಲ್ ಹೇಳ್ಬಿಟ್ಟು ಬಂದಿದ್ಯಾ ಗುರೂ?" ಎಂದು ಆಟೋದವನು ಪುಕ್ಕಟೆ ಕೇಳಿ ಹೋಗುತ್ತಾನೆ. ಸಾಯಲು ಹೊರಟವನಿಗೆ ಮನೆಯವರನ್ನು ನೆನಪಿಸುವ ಆ ಕಾಳಜಿಗೆ ಅಲ್ಲಿ ಎಷ್ಟು ಯೂರೋ ಬೀಳುತ್ತಿತ್ತೋ.

ಮಗಳು ಬೆಂಗಳೂರಿನಲ್ಲಿ ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿ ಲೈಸೆನ್ಸ್ ಪಡೆದವಳು. ಅಲ್ಲಿ ನೆಲೆಸಿ ಆರು ತಿಂಗಳಾದ ಮೇಲೆ ಅದು ನಡೆಯುವುದಿಲ್ಲ. ಥಿಯರಿ ಪರೀಕ್ಷೆಯಲ್ಲಿ ಮೂವತ್ತು ಪ್ರಶ್ನೆ, ಆಮೇಲೆ ರಸ್ತೆ ಪರೀಕ್ಷೆ. ಪರೀಕ್ಷಕ ಹಿಂದಿನ ಸೀಟಿನಲ್ಲಿ ಕೂತು ಅವಳ ಕತ್ತನ್ನೇ ನೋಡುತ್ತಿದ್ದನಂತೆ. ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ಕತ್ತು ಹೊರಳಿಸಿ ಹೆಗಲ ಮೇಲಿಂದಲೂ ನೋಡಬೇಕು. ಪಾಸಾದಳು. ಈಗ ಫ್ರಿಜ್ ಬಾಗಿಲು ತೆಗೆಯುವ ಮುಂಚೆಯೂ ಹೆಗಲ ಮೇಲಿಂದ ನೋಡುತ್ತಾಳೆ.

ಅಳಿಯನ ಜರ್ಮನ್ ಸಹೋದ್ಯೋಗಿಯೊಬ್ಬ ಕಳೆದ ವರ್ಷ ಅವನೊಂದಿಗೆ ಬೆಂಗಳೂರಿಗೆ ಬಂದಿದ್ದ. ಕ್ಯಾಬಿನ ಮುಂದಿನ ಸೀಟು. ಕೋರಮಂಗಲದ ಒಂದು ಕ್ರಾಸಿನಲ್ಲಿ ಡ್ರೈವರ್ ಬಲಗಡೆ ನೋಡದೆ ನೇರ ನುಗ್ಗಿದ್ದನ್ನು ಕಂಡು, ಯಾಕೆ ನೋಡಲಿಲ್ಲ ಎಂದು ಕೇಳಿದನಂತೆ.

"ನೋಡಬಾರ್ದು ಸಾರ್" ಎಂದ ಡ್ರೈವರ್. "ನೋಡಿದ್ರೆ, ನಾವು ನೋಡಿದ್ವಿ ಅಂತ ಅವನಿಗೆ ಗೊತ್ತಾಗುತ್ತೆ. ಆಮೇಲೆ ನಾವೇ ನಿಲ್ಲಿಸ್ಬೇಕಾಗುತ್ತೆ."

ಅಳಿಯ ಇದನ್ನು ಸಹೋದ್ಯೋಗಿಗೆ ತಿಳಿಯುವಂತೆ ಹೇಳಿದ. ಆತ ತುಸು ಹೊತ್ತು ಯೋಚಿಸಿ, ಅವನೂ ನೋಡದೇ ಇದ್ದರೆ ಏನು ಗತಿ ಎಂದ.

ಡ್ರೈವರ್ ಗೇರ್ ಬದಲಾಯಿಸುತ್ತ ಹೇಳಿದ: "ಅವನು ನೋಡೇ ನೋಡ್ತಾನೆ ಸಾರ್. ಅವನಿಗೂ ಗಾಡಿ ಇಎಂಐ ಇರುತ್ತೆ."