ಕೂಡಿದ್ದನ್ನು ಕಳೆಯುವ ಶಾಸ್ತ್ರ

ಮಿಶ್ರಣ ಮಾಡುವುದಕ್ಕೆ ವಿದ್ಯೆ ಬೇಕಿಲ್ಲ, ಕೈ ಜಾರಿದರೆ ಸಾಕು. ಉಪ್ಪಿನ ಡಬ್ಬಿ ಸಕ್ಕರೆ ಡಬ್ಬಿಯೊಳಗೆ ಮಗುಚಿಕೊಂಡ ಕ್ಷಣಕ್ಕೇ ಮಿಶ್ರಣ ಸಿದ್ಧ. ಬೇರ್ಪಡಿಸುವಾಗ ಮಾತ್ರ ರಸಾಯನಶಾಸ್ತ್ರದ ನೆನಪಾಗುತ್ತದೆ. ಇರುವೆಗಳು ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ ನಿಜ, ಆದರೆ ಬೇರ್ಪಡಿಸಿದ ಸಕ್ಕರೆಯನ್ನು ಹಿಂದಿರುಗಿಸುವ ಪದ್ಧತಿ ಅವುಗಳಲ್ಲಿಲ್ಲ.

ಎರಡು ಪದಾರ್ಥಗಳು ಕೂಡಿ ಮೂರನೆಯದಾಗಿಬಿಟ್ಟರೆ ಅದು ಸಂಯುಕ್ತ. ಕೂಡಿಯೂ ತಮ್ಮ ತಮ್ಮ ಗುಣ ಬಿಡದಿದ್ದರೆ ಮಿಶ್ರಣ. ಹೀಗೆ ಬಿಡದೆ ಉಳಿದ ಗುಣವೇ ಬೇರ್ಪಡಿಸುವವರಿಗೆ ಆಧಾರ. ಗಾತ್ರ, ಸಾಂದ್ರತೆ, ಕರಗುವಿಕೆ, ಕುದಿಯುವ ಬಿಂದು, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಇಬ್ಬರಿಗೂ ತಾಳೆಯಾಗಬಾರದು. ಜಾತಕ ನೋಡುವವರು ಹೊಂದುವ ಗುಣಗಳನ್ನು ಎಣಿಸಿದರೆ, ಪ್ರಯೋಗಶಾಲೆಯವರು ಹೊಂದದ ಒಂದೇ ಒಂದು ಗುಣಕ್ಕಾಗಿ ಕಾಯುತ್ತಾರೆ.

ಗಾತ್ರ ಮತ್ತು ತೂಕದ ವ್ಯತ್ಯಾಸವನ್ನು ಕಣದಲ್ಲಿ ರೈತ, ಅಡುಗೆಮನೆಯಲ್ಲಿ ಅಜ್ಜಿ ಎಂದೋ ಕಂಡುಕೊಂಡಿದ್ದಾರೆ. ತೂರುವುದು, ಕೇರುವುದು, ಜರಡಿ ಹಿಡಿಯುವುದು, ಜಾಲಿಸುವುದು ಎಂದು ಒಂದೊಂದಕ್ಕೂ ಒಂದೊಂದು ಕ್ರಿಯಾಪದವಿದೆ. ಯಾವ ಉಪಾಯಕ್ಕೂ ಬಗ್ಗದ್ದು ಅಕ್ಕಿಯಷ್ಟೇ ದಪ್ಪದ, ಅಕ್ಕಿಯಷ್ಟೇ ಬಿಳಿಯ ಕಲ್ಲು. ಅದನ್ನು ಪತ್ತೆ ಮಾಡುವ ಉಪಕರಣ ಒಂದೇ, ಊಟಕ್ಕೆ ಬಂದ ಅತಿಥಿಯ ಹಲ್ಲು.

ಪಠ್ಯಪುಸ್ತಕದ ಮಿಶ್ರಣದ ರೀತಿಯೇ ಬೇರೆ. ಅದರಲ್ಲಿ ಮರಳು, ಉಪ್ಪು, ಕಬ್ಬಿಣದ ಪುಡಿ ಮತ್ತು ನವಸಾಗರ ಇರುತ್ತವೆ. ಈ ನಾಲ್ಕೂ ಯಾವ ಮನೆಯಲ್ಲಿ, ಯಾವ ಅವಘಡದಿಂದ ಒಟ್ಟಿಗೆ ಸೇರಿದವೆಂಬುದನ್ನು ಯಾವ ಪಾಠವೂ ವಿವರಿಸುವುದಿಲ್ಲ. ಬಿಡಿಸುವ ಕ್ರಮವಂತೂ ಖಚಿತವಾಗಿದೆ. ಮೊದಲು ಅಯಸ್ಕಾಂತ ಆಡಿಸಿದರೆ ಕಬ್ಬಿಣ ಅಂಟಿಕೊಂಡು ಬರುತ್ತದೆ. ಉಳಿದದ್ದನ್ನು ಪಿಂಗಾಣಿ ಬಟ್ಟಲಲ್ಲಿಟ್ಟು, ಮೇಲೆ ಆಲಿಕೆ ಬೋರಲು ಹಾಕಿ, ಅದರ ತುದಿಗೆ ಹತ್ತಿ ತುರುಕಿ ಕಾಯಿಸಿದರೆ ನವಸಾಗರ ದ್ರವವಾಗುವ ಗೋಜಿಗೆ ಹೋಗದೆ ಆವಿಯಾಗಿ, ಆಲಿಕೆಯ ಒಳಮೈಗೆ ಬಿಳಿಯ ಪುಡಿಯಾಗಿ ಹತ್ತಿಕೊಳ್ಳುತ್ತದೆ. ಇದು ಉತ್ಪತನ. ಆಮೇಲೆ ನೀರು ಸುರಿದರೆ ಉಪ್ಪು ಕರಗುತ್ತದೆ, ಸೋಸಿದರೆ ಮರಳು ನಿಲ್ಲುತ್ತದೆ, ನೀರನ್ನು ಆವಿಯಾಗಿಸಿದರೆ ಉಪ್ಪು ಸಿಗುತ್ತದೆ. ಅದನ್ನು ರುಚಿ ನೋಡಿ ಖಚಿತಪಡಿಸಿಕೊಳ್ಳಲು ಹೊರಟ ವಿದ್ಯಾರ್ಥಿಗೆ ಮೇಷ್ಟ್ರ ಕೈಯಲ್ಲಿ ಪೆಟ್ಟು ಸಿಗುತ್ತದೆ.

ಕರಗಿದ ಉಪ್ಪು ಸೋಸುಬಟ್ಟೆಗೆ ಸಿಕ್ಕುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದಾಗ ಇದರ ಸತ್ಯ ಮನೆಮಂದಿಗೆಲ್ಲ ತಿಳಿಯುತ್ತದೆ. ಆಗ ಹಸಿ ಆಲೂಗಡ್ಡೆ ಹಾಕಿದರೆ ಅದು ಉಪ್ಪನ್ನೆಲ್ಲ ಎಳೆದುಕೊಳ್ಳುತ್ತದೆಂಬ ನಂಬಿಕೆಯಿದೆ. ಆಲೂಗಡ್ಡೆಗೆ ಅಂಥ ಪಕ್ಷಪಾತವಿಲ್ಲ, ಅದು ಉಪ್ಪಿನೊಡನೆ ನೀರನ್ನೂ ಹೀರುತ್ತದೆ. ಸಾರು ಕಡಿಮೆಯಾಗುತ್ತದೆಯೇ ಹೊರತು ಅದರ ಉಪ್ಪುತನ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಗುಣ ಕಾಣಿಸಿದರೆ ಅದು ಗುಟ್ಟಾಗಿ ಸುರಿದ ಬಿಸಿನೀರಿನ ಪುಣ್ಯ. ನೀರನ್ನು ಕಳೆದು ಉಪ್ಪನ್ನು ಉಳಿಸಿಕೊಳ್ಳುವುದು ಇದಕ್ಕಿಂತ ಸುಲಭ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ಆ ಕೆಲಸವನ್ನು ಬಿಸಿಲು ಮಾಡುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವು ಒಟ್ಟಿಗೆ ಹರಳುಗಟ್ಟುವುದಿಲ್ಲ. ಜಿಪ್ಸಂ ಮೊದಲು, ಅಡುಗೆಯ ಉಪ್ಪು ಆಮೇಲೆ. ಕಹಿಯ ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ನೀರಲ್ಲೇ ಉಳಿಯುತ್ತವೆ.

ಹಾಲು ಮತ್ತು ನೀರನ್ನು ಬೇರ್ಪಡಿಸುವ ಕೆಲಸವನ್ನು ಪರಂಪರೆ ಹಂಸಕ್ಕೆ ವಹಿಸಿದೆ. ಹಂಸದ ಕಷ್ಟವನ್ನು ಯಾರೂ ಯೋಚಿಸಿದಂತಿಲ್ಲ. ಹಸುವಿನ ಹಾಲಿನಲ್ಲಿ ಹುಟ್ಟಿನಿಂದಲೇ ನೂರಕ್ಕೆ ಸುಮಾರು 87 ಭಾಗ ನೀರು. ಹಾಲಿನವನ ಪಾಲು ಯಾವುದು, ಹಸುವಿನ ಪಾಲು ಯಾವುದು ಎಂದು ತೀರ್ಮಾನಿಸುವುದು ಕೊಕ್ಕಿನ ಕೆಲಸವಲ್ಲ, ನ್ಯಾಯಾಲಯದ ಕೆಲಸ. ಲ್ಯಾಕ್ಟೋಮೀಟರ್ ಕೂಡ ಸಾಂದ್ರತೆ ನೋಡಿ ಅನುಮಾನ ಪಡಬಲ್ಲದು, ಅಷ್ಟೆ. ನಿಂಬೆಹಣ್ಣಿನ ದಾರಿ ನೇರ. ಹುಳಿ ಬಿದ್ದೊಡನೆ ಹಾಲಿನ ಕೇಸಿನ್ ಒಡೆದು ಗಟ್ಟಿಯಾಗುತ್ತದೆ, ಬಟ್ಟೆಯಲ್ಲಿ ಸೋಸಬಹುದು. ಕಾಫಿಪುಡಿಯಲ್ಲಿರುವ ಚಿಕೋರಿಯನ್ನು ಹಿಡಿಯಲು ಒಂದು ಲೋಟ ತಣ್ಣೀರು ಸಾಕು. ಕಾಫಿ ತೇಲುತ್ತದೆ, ಚಿಕೋರಿ ಕಂದು ಬಣ್ಣದ ಗೆರೆ ಎಳೆಯುತ್ತ ಮುಳುಗುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ಕಾಫಿ ಕುಡಿಯುವ ಮನಸ್ಸು ಉಳಿಯುವುದಿಲ್ಲ ಎಂಬುದೊಂದೇ ಈ ಪರೀಕ್ಷೆಯ ದೋಷ.

ಎರಡು ದ್ರವಗಳು ಪೂರ್ತಿ ಬೆರೆತಾಗ ಬಟ್ಟಿ ಇಳಿಸಬೇಕು. ಮದ್ಯಸಾರ 78 ಡಿಗ್ರಿಯ ಆಸುಪಾಸಿನಲ್ಲಿ, ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಮೊದಲು ಏಳುವ ಆವಿಯಲ್ಲಿ ಮದ್ಯಸಾರ ಹೆಚ್ಚು. ತಣಿಸಿ ಹಿಡಿದು ಮತ್ತೆ ಕುದಿಸಿದರೆ ಇನ್ನೂ ಹೆಚ್ಚು. ಈ ಏರಿಕೆ ನೂರಕ್ಕೆ ಸುಮಾರು 95.6ಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ದ್ರವದಲ್ಲಿ ಎಷ್ಟು ನೀರಿದೆಯೋ ಆವಿಯಲ್ಲೂ ಅಷ್ಟೇ, ಎಷ್ಟು ಸಲ ಕುದಿಸಿದರೂ ಅಷ್ಟೇ. ಆ ಕೊನೆಯ ಹನಿಗಳನ್ನು ಬಿಡಿಸಲು ಸುಟ್ಟ ಸುಣ್ಣದಂಥ ಮೂರನೆಯವರು ಬಂದು ನೀರನ್ನು ಕಸಿದುಕೊಳ್ಳಬೇಕು.

ಶ್ರೀಗಂಧದ ಎಣ್ಣೆಯದು ಇನ್ನೊಂದು ಪೇಚು. ಅದರ ಮುಖ್ಯ ಘಟಕ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿಯಲ್ಲಿ. ಅಷ್ಟು ಕಾಯಿಸಿದರೆ ಮರದಲ್ಲಿ ಉಳಿಯುವುದು ಇದ್ದಿಲು. ಉಪಾಯವೆಂದರೆ ಮರದ ಪುಡಿಯ ಮೂಲಕ ನೀರಿನ ಹಬೆ ಹಾಯಿಸುವುದು. ನೀರಿನೊಡನೆ ಬೆರೆಯದ ಎಣ್ಣೆಯೂ ತನ್ನ ಪಾಲಿನ ಆವಿಯೊತ್ತಡ ಸೇರಿಸುವುದರಿಂದ ಎರಡೂ ಕೂಡಿ 100 ಡಿಗ್ರಿಗೆ ಮುಂಚೆಯೇ ಹೊರಟುಬಿಡುತ್ತವೆ. ತಣಿದ ಮೇಲೆ ಎಣ್ಣೆ ನೀರಿನ ಮೇಲೆ ತಾನಾಗಿ ತೇಲುತ್ತದೆ. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಕೊರಡು ಸಾಗುವುದು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಈ ಕೆಲಸಕ್ಕೆ ತಾನೇ ಕೈಹಾಕಿತು. ಮೈಸೂರು ಸ್ಯಾಂಡಲ್ ಸೋಪು ಆ ಎಣ್ಣೆಯ ಹಿಂದೆಯೇ ಬಂತು.

ಕುದಿಸಿದರೆ ಕೆಡುವ ವಸ್ತುಗಳಿಗೆ ವರ್ಣರೇಖನವಿದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಇದನ್ನು ವಿವರಿಸಿದ. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದಂಥ ಪುಡಿ ತುಂಬಿ ಎಲೆಯ ಸಾರವನ್ನು ಇಳಿಬಿಟ್ಟರೆ ಹಸಿರು, ಹಳದಿ ಬಣ್ಣಗಳು ಪಟ್ಟೆಪಟ್ಟೆಯಾಗಿ ಬೇರೆಯಾಗುತ್ತವೆ. ಪುಡಿಗೆ ಹೆಚ್ಚು ಅಂಟಿಕೊಳ್ಳುವುದು ಹಿಂದುಳಿಯುತ್ತದೆ, ಅಂಟಿಕೊಳ್ಳದ್ದು ಮುಂದೋಡುತ್ತದೆ. ಶಾಲೆಯಲ್ಲಿ ಇದಕ್ಕೆ ಸೋಸುಕಾಗದ ಮತ್ತು ಸ್ಕೆಚ್ ಪೆನ್ ಸಾಕು. ಕಾಗದದ ತುದಿಯನ್ನು ನೀರಿಗೆ ತಾಗಿಸಿ ಕಾದರೆ ಕಪ್ಪು ಚುಕ್ಕೆಯಿಂದ ನೀಲಿ, ಗುಲಾಬಿ, ಹಳದಿ ಮೇಲೇರುತ್ತವೆ. ಕಪ್ಪು ಎಂದು ಅಂಗಡಿಯವನು ಮಾರಿದ ಶಾಯಿಯಲ್ಲಿ ಎಷ್ಟೋ ಸಲ ಕಪ್ಪೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ.