ತಾಡಪತ್ರಿ ಕೆಳಗಿನ ಹವಾಮಾನ

ಟ್ರ್ಯಾಕ್ಟರಿನ ಬೆನ್ನಿಗೆ ಜೋಡಿಸುವ ಉಕ್ಕಿನ ಡಬ್ಬಿಗೆ ಸಾಂಗಲಿ, ಮಿರಜ, ಜತ್ತ, ಕಾಗವಾಡದ ಕಡೆ ಟೇಲರ್ ಎನ್ನುತ್ತಾರೆ. ಬಟ್ಟೆ ಹೊಲಿಯುವವನಿಗೂ ಅದೇ ಹೆಸರು. ಆದರೂ ಭರತ ಹುಣ್ಣಿಮೆಯ ಮುಂದೆ ‘ಟೇಲರ್ ಸಿಕ್ತೇನು?’ ಎಂದು ಯಾರಾದರೂ ಕೇಳಿದರೆ ಮನೆಯ ಹೆಂಗಸರು ಜಂಪರಿನ ಅಳತೆ ಹುಡುಕುವುದಿಲ್ಲ, ಅಟ್ಟದ ಮೇಲಿನ ಕೌದಿ ಇಳಿಸುತ್ತಾರೆ. ಸಾಧಾರಣ ಟೇಲರ್ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ ಇರುತ್ತದೆ. ಉಸುಕಿನವರ ಲೆಕ್ಕದಲ್ಲಿ ಇದು ಒಂದು ಬ್ರಾಸ್, ಅಂದರೆ 100 ಘನ ಅಡಿ, ಮೇಲೆ ಸ್ವಲ್ಪ ಕೊಸರು. ಮನುಷ್ಯರ ಲೆಕ್ಕದಲ್ಲಿ ಏಳು ಜನ ಮಲಗಬಹುದು, ಬೀಗರಾದರೆ ಒಂಬತ್ತು.

ವರ್ಷದ ಬಹುಪಾಲು ಅದು ಕಬ್ಬು, ತಿಪ್ಪೆಗೊಬ್ಬರ, ಇಟ್ಟಿಗೆ ಹೊರುತ್ತದೆ. ಮಾಘ ಮಾಸದಲ್ಲಿ ಅದನ್ನು ಪೈಪು ಹಿಡಿದು ತೊಳೆದು, ಬಿದಿರಿನ ಕಮಾನು ಬಿಗಿದು, ತಾಡಪತ್ರಿ ಹೊದಿಸಿ, ನಾಲ್ಕು ದಿನದ ಮನೆ ಮಾಡುತ್ತಾರೆ. ಭರತ ಹುಣ್ಣಿಮೆಗೆ ನಡೆಯುವ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹಿಂದೆ ಎಲ್ಲರೂ ಸವಾರಿ ಬಂಡಿ ಕಟ್ಟುತ್ತಿದ್ದರು, ಕಟ್ಟುವವರು ಈಗಲೂ ಇದ್ದಾರೆ. ಎತ್ತು ಸಾಕಲಾರದವರಿಗೆ ಟೇಲರ್. ಮಿರಜ ಬಿಟ್ಟು ಮ್ಹೈಸಾಳ, ಕಾಗವಾಡ, ಉಗಾರ, ಕುಡಚಿ ದಾಟಿದರೆ ಚಿಂಚಲಿ. ಮಿರಜ-ಬೆಳಗಾವಿ ರೈಲು ಹಾದಿಯಲ್ಲಿ ಚಿಂಚಲಿಗೆ ಸ್ವಂತ ನಿಲ್ದಾಣವೇ ಇದೆ. ಟೇಲರ್ ಪಕ್ಷದವರು ಈ ಸಂಗತಿಯನ್ನು ಬಾಯಿಗೆ ತರುವುದಿಲ್ಲ. ಸರಕಿನ ಗಾಡಿಯಲ್ಲಿ ಜನರನ್ನು ಹೇರುವುದು ಕಾನೂನಿಗೆ ವಿರುದ್ಧ ಎಂಬುದನ್ನೂ ತರುವುದಿಲ್ಲ. ಆದ್ದರಿಂದ ಇಲ್ಲಿನ ವಿಚಾರವೆಲ್ಲ ಗಾಡಿ ನಿಂತು, ಗಾಲಿಗೆ ಕಲ್ಲು ಕೊಟ್ಟ ಮೇಲಿನದು.

ಚೈನಿಗಾಗಿಯೇ ಗಾಡಿಯಲ್ಲಿ ಮಲಗುವ ಚಟ ವಿಲಾಯಿತಿಗೆ ತಡವಾಗಿ ಅಂಟಿತು. 1885ರಲ್ಲಿ ಗೋರ್ಡನ್ ಸ್ಟೇಬಲ್ಸ್ ಎಂಬ ಬ್ರಿಟಿಷ್ ನೌಕಾದಳದ ಮಾಜಿ ವೈದ್ಯ ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಎಂಬ ಕುದುರೆಗಾಡಿ-ಮನೆ ಕಟ್ಟಿಸಿಕೊಂಡು ಊರು ಸುತ್ತಿದ. ಅಲ್ಲಿಂದ ಮುಂದೆ ಯುರೋಪಿನವರು ಈ ಸುಖಕ್ಕೂ ದರ್ಜೆ ಬರೆದಿಟ್ಟರು: ಇಎನ್ 1645 ಎಂಬ ಮಾನಕದ ಮೂರನೆಯ ದರ್ಜೆಯ ಗಾಡಿಯಲ್ಲಿ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೂ ಒಳಗೆ 20 ಡಿಗ್ರಿ ಬರಬೇಕು. ಚಿಂಚಲಿ ದರ್ಜೆಯಲ್ಲಿ ಹೊರಗೆ ಎಷ್ಟೋ ಒಳಗೂ ಅಷ್ಟೇ.

ಹೊರಗಿನದು ಅಂಥ ಕ್ರೂರವೂ ಅಲ್ಲ. ಭರತ ಹುಣ್ಣಿಮೆ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಬೀಳುತ್ತದೆ. ಕೃಷ್ಣೆಯ ಬಯಲಿನಲ್ಲಿ ಆಗ ಮಧ್ಯಾಹ್ನ 32-33 ಡಿಗ್ರಿ, ನಸುಕಿನಲ್ಲಿ 15ರ ಆಚೀಚೆ. ಊಟದ ಹೊತ್ತಿಗೆ ಅಂಗಿ ಬಿಚ್ಚಿದವನು ಕೋಳಿ ಕೂಗುವ ಹೊತ್ತಿಗೆ ಅದನ್ನೇ ಕಿವಿಗೆ ಸುತ್ತಿಕೊಂಡಿರುತ್ತಾನೆ. ಬಟ್ಟೆಯ ಬಿಸುಪನ್ನು ಅಳೆಯಲು 1941ರಲ್ಲಿ ವಿಜ್ಞಾನಿಗಳು ‘ಕ್ಲೋ’ ಎಂಬ ಮಾನ ಮಾಡಿಕೊಂಡರು: 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕೂತವನು ಹಾಯಾಗಿರಲು ಬೇಕಾದಷ್ಟು ಬಟ್ಟೆ ಒಂದು ಕ್ಲೋ. ಗಡಿನಾಡಿನ ಮಾನ ಕೌದಿ. ಅಜ್ಜಿಯ ಇಲಕಲ್ ಸೀರೆ, ಅಜ್ಜನ ಧೋತರ, ಯಾರದೋ ಮದುವೆಯಲ್ಲಿ ಬಂದು ಯಾರಿಗೂ ಬೇಡವಾದ ಆಹೇರು, ಎಲ್ಲವನ್ನೂ ಪದರ ಹಾಕಿ ದೊಡ್ಡ ಸೂಜಿಯಲ್ಲಿ ಹೊಲಿದರೆ ಒಂದು ಕೌದಿ. ಪಾದರಸ 20ರ ಮೇಲಿದ್ದರೆ ಅದು ಹಾಸಲಿಕ್ಕೆ. 16ರವರೆಗೆ ಒಂದು ಹಾಸಲು, ಒಂದು ಹೊದೆಯಲು. 12ಕ್ಕೆ ಇಳಿದರೆ ಹೊದೆಯಲು ಎರಡು, ಜೊತೆಗೆ ಪಕ್ಕದವನದರಲ್ಲಿ ಅರ್ಧ. ಅದಕ್ಕೂ ಕೆಳಗೆ ಸಂಬಂಧಗಳು ಉಳಿಯುವುದಿಲ್ಲ.

ಚಳಿ ಮೇಲಿನಿಂದ ಬರುತ್ತದೆಂದು ತಿಳಿಯುವುದು ಹೊಸಬರ ತಪ್ಪು. ಉಕ್ಕು ಒಣ ಹುಲ್ಲಿಗಿಂತ ಸಾವಿರ ಪಟ್ಟು ಜೋರಾಗಿ ಶಾಖ ಸಾಗಿಸುತ್ತದೆ. ಬರೀ ತಗಡಿನ ಮೇಲೆ ಮಲಗಿದವನ ಬೆನ್ನಿನ ಬಿಸಿ ಅಚ್ಚು, ಗಾಲಿ, ಜೋಡಿಸುವ ಕೊಂಡಿಯವರೆಗೂ ಹಂಚಿಹೋಗುತ್ತದೆ. ಅದಕ್ಕೇ ಕೆಳಗೆ ಒಂದು ಅಡಿ ದಪ್ಪ ಕಬ್ಬಿನ ರವದಿ ಹಾಸುತ್ತಾರೆ. ರವದಿಯ ಒಳಗೆ ಏನು ಹರಿದಾಡುತ್ತದೆ ಎಂದು ಕೇಳುವುದು ಜಾತ್ರೆಯ ಪದ್ಧತಿಗೆ ಸಲ್ಲದು.

ಇಷ್ಟು ಗೊತ್ತಿದ್ದೂ ಹೆಚ್ಚಿನ ಸುಖ ಬಯಸಿದ ಒಬ್ಬ ಪ್ರಯೋಗಕರ್ತನ ಪ್ರಕರಣವನ್ನು ಇಲ್ಲಿ ವಿಸ್ತಾರವಾಗಿ ನೋಡತಕ್ಕದ್ದು. ಸಾಂಗಲಿಯ ವಿಶ್ರಾಮಬಾಗದ ನಿವಾಸಿ, ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಹೆಸರು ಬೇಡ, ಈ ಬರಹ ಬರೆದವನ ಕನ್ನಡಕವನ್ನೇ ಅವನೂ ಬಳಸುತ್ತಾನೆ ಎಂದರೆ ಸಾಕು. ಹಿಂದಿನ ಜಾತ್ರೆಯಲ್ಲಿ ಅವನ ಮೂಗು ಕಟ್ಟಿ, ಅದರಿಂದ ಬಂದ ಗೊರಕೆಯ ವಿಷಯ ಮಿರಜ ತಲುಪುವವರೆಗೂ ಚರ್ಚೆಗೆ ಬಂದಿತ್ತು. ಉಪಾಯ ಹೊಳೆದದ್ದು ಹರಿಪುರದಲ್ಲಿ. ಕೃಷ್ಣೆ, ವಾರಣೆ ಕೂಡುವ ಆ ಊರಿನಲ್ಲಿ ಅರಿಶಿನ ಕಾಪಿಡಲು ನೆಲದೊಳಗೆ ತೋಡಿದ ಪೇವುಗಳಿದ್ದವು, ಕನ್ನಡದ ಹಗೇವಿನ ಬಳಗ; 2005ರ ಮಹಾಪೂರದಲ್ಲಿ ಬಹಳಷ್ಟು ಹಾಳಾದವು. ಗಾಳಿಯಾಡದಂತೆ ಬಾಯಿ ಮುಚ್ಚಿದ ಪೇವಿನಲ್ಲಿ ಅರಿಶಿನ ಹುಳ ಹತ್ತದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಅರಿಶಿನ ಉಳಿದ ಹಾಗೆ ಬೀಗರೂ ಉಳಿಯುತ್ತಾರೆ ಎಂದು ಅವನು ತರ್ಕಿಸಿದ. ಅರಿಶಿನ ಉಸಿರಾಡುವುದಿಲ್ಲ ಎಂಬುದು ಲೆಕ್ಕದಲ್ಲಿ ಬಿಟ್ಟುಹೋಯಿತು.

ಉಳಿದ ಲೆಕ್ಕ ನಿರ್ದೋಷವಾಗಿತ್ತು. ಮಲಗಿದ ಮನುಷ್ಯನ ಮೈ ಸುಮಾರು 75 ವಾಟ್ ಶಾಖ ಬಿಡುತ್ತದೆ, ಒಂಬತ್ತು ಜನರೆಂದರೆ 675 ವಾಟ್, ಬಿಲ್ಲಿಲ್ಲದ ಹೀಟರು. ಲಗ್ನಪತ್ರಿಕೆಯೊಂದರ ಬೆನ್ನಿಗೆ ಇದನ್ನು ಬರೆದು, ತಾಡಪತ್ರಿಯ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊಂದಿಸಿ, ಸಂದುಗಳಿಗೆ ಪ್ಯಾಕಿಂಗ್ ಟೇಪು ಬಡಿದು, ಹಿಂದಿನ ಬಾಗಿಲಿಗೆ ಗೋಣಿ ತುರುಕಿ, ನಡುವಿನ ಕಮಾನಿಗೆ ಥರ್ಮಾಮೀಟರು ತೂಗುಹಾಕಿದ. ರಾತ್ರಿ 11ಕ್ಕೆ 19 ಡಿಗ್ರಿ. 12ಕ್ಕೆ 21. ಒಂದಕ್ಕೆ 22. ಹೊರಗೆ 15. ಏಳು ಡಿಗ್ರಿಯ ಈ ವಿಜಯವನ್ನು ಒಬ್ಬನೇ ಸಹಿಸಲಾರದೆ ಹೆಂಡತಿಯನ್ನು ಎಬ್ಬಿಸಿ ಹೇಳಿದ. ಆಕೆ ಕೊಟ್ಟ ಉತ್ತರ ಆಕರ ಗ್ರಂಥಗಳಿಗೆ ಹೊಂದುವಂಥದ್ದಲ್ಲ.

ಮೊದಲ ಹನಿ ಹುಟ್ಟಿದ್ದು ಮೂರು ಗಂಟೆಗೆ. ಅದು ಕೂಡಲೇ ಬೀಳಲಿಲ್ಲ. ಪ್ಲಾಸ್ಟಿಕ್ ಹಾಳೆಯ ನೆತ್ತಿಯಲ್ಲಿ ಸಾಸಿವೆಯಷ್ಟಾಯಿತು, ಜೋಳದಷ್ಟಾಯಿತು, ಯೋಚಿಸಿತು. ಹಗಲಿಡೀ ಜಾತ್ರೆಯಲ್ಲಿ ಹಾರಿದ ಭಂಡಾರ ಒಳಗೆಲ್ಲ ಕೂತಿತ್ತು. ಹನಿ ಇಳಿಜಾರು ಹಿಡಿದು ಬರುತ್ತ ಆ ಪುಡಿಯಲ್ಲಿ ಮಿಂದು, ಪೂರ್ಣ ಹಳದಿಯಾಗಿ, ಕಮಾನಿನ ಗಂಟಿನಲ್ಲಿ ಒಂದು ಗಳಿಗೆ ತೂಗಿ, ಕೆಳಗೆ ಮಲಗಿದ್ದ ಅತ್ತೆಯ ಹಣೆಯ ನಟ್ಟನಡುವೆ ಬಿತ್ತು. ವಯಸ್ಸು 78. ಅವರು ನಿದ್ದೆಯಲ್ಲೇ ಕೈ ಜೋಡಿಸಿ ‘ಯವ್ವಾ ಮಾಯಕ್ಕಾ’ ಎಂದರು. ಎರಡನೆಯದೂ ಅಲ್ಲೇ ಬಿತ್ತು, ಅಂಗೈ ಚಾಚಿದರು. ಮೂರನೆಯ ಹನಿ ಬಾಯಿ ತೆರೆದು ಗೊರೆಯುತ್ತಿದ್ದ ಹಿರಿಯ ಬೀಗರ ಪಾಲಿಗೆ ಬಂತು. ಗೊರಕೆ ಮಂದ್ರದಿಂದ ತಾರಕ್ಕೆ ಹೋಗಿ ನಿಂತಿತು. ಅಬ್ದುಲ್ ಕರೀಂ ಖಾನರು ಮನೆ ಮಾಡಿದ ಮಿರಜದವರು ಬೀಗರು, ಸ್ವರ ಸ್ಥಾನದಲ್ಲಿ ತಪ್ಪಿರಲಿಲ್ಲ. ಅವರು ಗಾಬರಿಯಿಂದ ಎದ್ದು ಕೂತ ರಭಸಕ್ಕೆ ಭುಜ ಬಿದಿರಿಗೆ ತಾಗಿತು. ಅಲ್ಲಿಯವರೆಗೆ ಶಿಸ್ತಿನಿಂದ ಸರದಿ ಕಾಯುತ್ತಿದ್ದ ಹನಿಗಳೆಲ್ಲ ಒಟ್ಟಿಗೆ ಸುರಿದವು.

‘ಮಳಿ! ಮಳಿ ಬಂತು!’

ಒಂಬತ್ತು ಜನ ಕತ್ತಲಲ್ಲಿ ಕಟಕ ರೊಟ್ಟಿಯ ಗಂಟು, ಹೋಳಿಗೆಯ ಡಬ್ಬಿ, ಭಡಂಗದ ಚೀಲ, ಒಬ್ಬರದೊಬ್ಬರು ಚಪ್ಪಲಿ ಎತ್ತಿಕೊಂಡು, ಪರಾತ ತಲೆಯ ಮೇಲೆ ಕವಚಿಕೊಂಡು, ಟೇಪು ಹರಿದು ಹೊರಗೆ ಹಾರಿದರು. ಹೊರಗೆ ಹುಣ್ಣಿಮೆ. ಮೋಡದ ಚೂರೂ ಇಲ್ಲ. ಬೆಳದಿಂಗಳಲ್ಲಿ ನೆಲ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಪಕ್ಕದ ಬಂಡಿಯ ಕೆಳಗೆ ಕಂಬಳಿ ಹೊದ್ದು ಕೂತಿದ್ದ ಮುದುಕ ಮೊದಲು ಆಕಾಶ ನೋಡಿದ, ಆಮೇಲೆ ಹಳದಿ ಮುಖದ ಒಂಬತ್ತು ಜನರನ್ನು ಎಣಿಸಿದ, ಕಡೆಗೆ ತುಂಬ ಮರ್ಯಾದೆಯಿಂದ ಕೇಳಿದ: ‘ನಿಮ್ಮ ಒಳಗಷ್ಟ ಬಂತೇನ್ರೀ?’

ಕಾರಣ ಸರಳ. ನಿದ್ದೆಯಲ್ಲಿರುವ ಮನುಷ್ಯ ಉಸಿರು, ಬೆವರಿನ ದಾರಿಯಲ್ಲಿ ರಾತ್ರಿಗೆ ಸುಮಾರು ಕಾಲು ಲೀಟರು ನೀರನ್ನು ಗಾಳಿಗೆ ಬಿಡುತ್ತಾನೆ. ಒಂಬತ್ತು ಜನರಿಗೆ ಎರಡು ಲೀಟರಿನ ಮೇಲೆ. ಮೋಡವಿಲ್ಲದ ರಾತ್ರಿ ತಾಡಪತ್ರಿ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಬೆಚ್ಚನೆಯ ಹಸಿ ಗಾಳಿ ಅದಕ್ಕೆ ತಾಗಿದರೆ ಏನಾಗುತ್ತದೆ ಎಂಬುದಕ್ಕೆ ಚಹಾದ ಕಿಟಲಿಯ ಮುಚ್ಚಳ ನೆನಪಿಸಿಕೊಳ್ಳಬಹುದು. ಮರುರಾತ್ರಿ ಎರಡೂ ತುದಿಗೆ ಕೈ ಹಿಡಿಸುವಷ್ಟು ಸಂದು ಬಿಟ್ಟಾಗ ಒಳಗೆ 17 ಡಿಗ್ರಿ ನಿಂತಿತು, ಹನಿಯೂ ಬೀಳಲಿಲ್ಲ, ಮೂಗೂ ಕಟ್ಟಲಿಲ್ಲ. ಸಂದು ಮುಚ್ಚಿ ಶೇಗಡಿಯಲ್ಲಿ ಇದ್ದಿಲು ಹೊತ್ತಿಸುವವರೂ ಇದ್ದಾರೆ. ಅಲ್ಲಿ ನಗುವುದಕ್ಕೆ ಏನೂ ಇಲ್ಲ: ಇದ್ದಿಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬೆಳಿಗ್ಗೆ ತಂಪು ಕಾರಿನಿಂದ ಇಳಿದ ಪುಣೆಯ ಒಬ್ಬ ನೆಂಟ, ರವದಿಯನ್ನು ಬೂಟಿನ ತುದಿಯಿಂದ ಮುಟ್ಟಿ, ಇದೇ ಸುಖಕ್ಕೆ ತಾನು ಕೊಂಕಣದಲ್ಲಿ ರಾತ್ರಿಗೆ ಎಷ್ಟು ಸಾವಿರ ಕೊಟ್ಟೆ ಎಂದು ಲೆಕ್ಕ ಒಪ್ಪಿಸಿದ. ಗಾಡಿಯೊಳಗೇ ಕಕ್ಕಸು ಇತ್ತಂತೆ. ಇಂಥವರಿಗೆ ಹೋಳಿಗೆ ಬಡಿಸುವಾಗ ತುಪ್ಪದ ಕೈ ತಾನಾಗಿ ಬಿಗಿಯಾಗುತ್ತದೆ.

ತಾಪಮಾನದ ಮೇಲಿನ ಮಿತಿಯ ವಿಷಯ ಬೇಗ ಮುಗಿಯುತ್ತದೆ. ಮೈಯ ಚರ್ಮ 33-35 ಡಿಗ್ರಿಯಲ್ಲಿರುತ್ತದೆ. ಗಾಳಿ ಅದನ್ನು ದಾಟಿದ ಮೇಲೆ ಶಾಖ ಹೊರಗೆ ಹೋಗಲು ಬೆವರು ಆರುವುದೊಂದೇ ದಾರಿ. ಸಾಂಗಲಿಯ ಏಪ್ರಿಲ್, ಮೇ 40ರ ಹತ್ತಿರ ಸುಳಿಯುತ್ತವೆ, ಬಿಸಿಲಿಗೆ ನಿಂತ ಉಕ್ಕಿನ ತಗಡು 60 ದಾಟುತ್ತದೆ. ಮೇಲೆ ಜೋಳದ ಹಿಟ್ಟು ತಟ್ಟಿದರೆ ರೊಟ್ಟಿಯಾಗುವುದಿಲ್ಲ, ಮುಟ್ಟಿದ ಬೆರಳು ಮಾತ್ರ ಹಿಂದೆ ಬರುತ್ತದೆ. ಆಗಿನ ಒಣ ಗಾಳಿಗೆ ಹಸಿ ಗೋಣಿ ಕಟ್ಟಿದರೆ ನಾಲ್ಕಾರು ಡಿಗ್ರಿ ಇಳಿಯುವುದು ನಿಜ. ಆದರೆ 2016ರ ಏಪ್ರಿಲ್‌ನಲ್ಲಿ ಇದೇ ಮಿರಜ ಜಂಕ್ಷನ್ನಿನಿಂದ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಹೋಗಿದೆ. ಅಂಥ ತಿಂಗಳಲ್ಲಿ ಗೋಣಿಗೆ ನೀರು ಹೊಡೆಯಲು ಬಕೇಟು ಎತ್ತಿದವನನ್ನು ಊರವರು ನೋಡುವ ನೋಟದ ಬಿಸಿ ಬೇರೆ.

ಅದೇ ರವದಿ, ಅದೇ ತಾಡಪತ್ರಿ, ಅದೇ ಟೇಲರಿನ ಮಗ್ಗುಲಲ್ಲಿ ವರ್ಷದ ಅರ್ಧ ಕಳೆಯುವ ಜನ ಸಾಂಗಲಿ ಜಿಲ್ಲೆಯ ಪ್ರತಿ ಸಕ್ಕರೆ ಕಾರ್ಖಾನೆಯ ಸುತ್ತ ಇದ್ದಾರೆ. ಬೀಡ, ಜತ್ತ, ವಿಜಯಪುರದ ಕಡೆಯಿಂದ ಕಬ್ಬು ಕಡಿಯಲು ಬಂದವರು. ಗಂಡ ಹೆಂಡತಿ ಸೇರಿ ಒಂದು ‘ಕೋಯತಾ’. ಕೋಯತಾ ಎಂದರೆ ಕತ್ತಿ. ಮುಂಗಡ ಸಾಲಕ್ಕೆ ‘ಉಚಲ್’ ಎಂದು ಹೆಸರು, ಅದು ತೀರುವವರೆಗೆ ಕೊಪ್ಪಿ ಎಂಬ ಗುಡಿಸಲೇ ಮನೆ. ಇಬ್ಬನಿಗೆ ತೊಯ್ದ ಕಬ್ಬನ್ನು ನಸುಕಿನಲ್ಲೇ ಕಡಿಯಲು ಇಳಿಯುವವರಿಗೆ 15 ಡಿಗ್ರಿ ಎಂದರೇನೆಂದು ಯಾರೂ ಥರ್ಮಾಮೀಟರು ತೂಗಿ ನೋಡಿಲ್ಲ. ಪ್ರಯೋಗಕರ್ತನಿಗೆ ಹಾಸಲು ರವದಿ ಕೊಟ್ಟವಳು ಇಂಥ ಒಬ್ಬ ಹೆಂಗಸು. ‘ಎಷ್ಟ ತಿಂಗಳ ಇರತೀರಿ?’ ಎಂದು ಕನ್ನಡದಲ್ಲೇ ಕೇಳಿದಳು. ನಾಲ್ಕು ದಿನ ಎಂದಾಗ ಏನೂ ಅನ್ನದೆ ಇನ್ನೊಂದು ಹೊರೆ ಎತ್ತಿ ಹಾಕಿದಳು.

ಇನ್ನು ಮಳೆ. ಸಾಂಗಲಿಯ ಪಾಲಿಗೆ ಬೀಳುವುದು ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ. ಊರು ಮುಳುಗಿಸುವ ನೀರು ಮಹಾಬಳೇಶ್ವರ, ಕೊಯ್ನಾದ ಕಡೆಯಿಂದ ಬರುತ್ತದೆ. 1929ರ ಇರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನದಿಯಂಚಿನಲ್ಲಿ ಟೇಲರ್ ನಿಲ್ಲಿಸಿ ಮಲಗುವ ಮಾತು ಆದ್ದರಿಂದ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಗಾಳಿ ಜೊತೆಗಿರುತ್ತದೆ. ಕಮಾನು ಕಟ್ಟಿದ ತಾಡಪತ್ರಿ ಆಗ ಹಾಯಿಯಾಗುತ್ತದೆ, ಕಟ್ಟಿದ ಹಗ್ಗ ಹೊಸದಾಗಿದ್ದರೆ ಬಿದಿರನ್ನೂ ಕರೆದುಕೊಂಡು ಹೋಗುತ್ತದೆ.

ಹೀಗೆ ಉಳಿಯುವುದು ನವೆಂಬರಿನಿಂದ ಮಾರ್ಚ್ ನಡುವಿನ ರಾತ್ರಿಗಳು, 15ರಿಂದ 24 ಡಿಗ್ರಿ, ಕೆಳಗೆ ಅಡಿ ದಪ್ಪ ರವದಿ, ತಲೆಗೊಂದು ಕೌದಿ, ಎರಡು ಕಡೆ ಸಂದು. ಮುಂದಿನ ಭರತ ಹುಣ್ಣಿಮೆಗೆ ಟೇಲರ್ ಗೊತ್ತಾಗಿದೆ. ಅತ್ತೆ ಈ ಸಲ ರೈಲಿಗೆ ಹೋಗುತ್ತಾರಂತೆ; ಹಾಗಾಗಿ ನಡುವಿನ ಕಮಾನಿನ ಕೆಳಗೆ ಒಂದು ಜಾಗ ಖಾಲಿ ಇದೆ. ಬರುವವರು ಕೌದಿ ತಮ್ಮದೇ ತರಬೇಕು.